ಮೊದಲು ಮೈಕು ಬಿಚ್ಚಿ, ಆಮೇಲೆ ಬೈಯಿರಿ

ಟಿಕೆಟ್ ಸಿಕ್ಕಿತು, ಬಿ ಫಾರಂ ಕೈಗೆ ಬಂತು. ಇನ್ನು ಪ್ರಚಾರ ಮುಗಿಯುವವರೆಗೆ ಮಾನ ಉಳಿಸಿಕೊಳ್ಳಿ.

1. ಎದುರಾಳಿಯನ್ನು ಜಾಡಿಸುವಾಗ ಹೆಸರು ನೆನಪಿರಲಿ. 2018ರ ಮಾರ್ಚ್ 27ರಂದು ದಾವಣಗೆರೆಯ ಪತ್ರಿಕಾಗೋಷ್ಠಿಯಲ್ಲಿ ಅಮಿತ್ ಶಾ ಸಿದ್ದರಾಮಯ್ಯ ಸರ್ಕಾರವನ್ನು ಜಾಡಿಸಲು ಹೋಗಿ, ಭ್ರಷ್ಟಾಚಾರದ ನಂಬರ್ ಒನ್ ಪಟ್ಟವನ್ನು ಯಡಿಯೂರಪ್ಪ ಸರ್ಕಾರಕ್ಕೆ ಕಟ್ಟಿಬಿಟ್ಟರು. ಯಡಿಯೂರಪ್ಪ ಪಕ್ಕದಲ್ಲೇ ಕೂತಿದ್ದರು! ಕೂಡಲೇ ತಿದ್ದಿಕೊಂಡರೇನೋ ನಿಜ; ಕಾಂಗ್ರೆಸ್ಸಿನವರು ಹಂಚಿದ್ದು ತಿದ್ದುವ ಮುಂಚಿನ ತುಣುಕನ್ನು.

2. ಹೊಗಳುವಾಗಲೂ ಅಷ್ಟೇ. ಅದೇ ವರ್ಷದ ವಿಧಾನಸಭಾ ಚುನಾವಣೆಯ ಪ್ರಚಾರದಲ್ಲಿ ಮಳವಳ್ಳಿಯ ಶಾಸಕ ನರೇಂದ್ರಸ್ವಾಮಿಯವರಿಗೆ ಶಹಬ್ಬಾಸ್ ಹೇಳಹೊರಟ ಸಿದ್ದರಾಮಯ್ಯನವರ ಬಾಯಿಗೆ ಬಂದದ್ದು ನರೇಂದ್ರ ಮೋದಿ. ನರೇಂದ್ರಸ್ವಾಮಿ ಸೋತರು. ಪಾಪ, ಅದಕ್ಕೆ ಈ ಎಡವಟ್ಟನ್ನು ದೂರುವಂತಿಲ್ಲ. ಮಂಡ್ಯ ಜಿಲ್ಲೆಯ ಏಳಕ್ಕೆ ಏಳೂ ಸೀಟು ಜೆಡಿಎಸ್ ಪಾಲಾಗಿದ್ದವು. ಶಾ ಎಡವಿದರೂ ಅವರ ಪಕ್ಷ 104 ಸೀಟು ಗೆದ್ದಿತು. ನಾಲಿಗೆ ಜಾರಿದರೆ ಜನ ನಕ್ಕು ಬಿಡುತ್ತಾರೆ. ಬೆನ್ನ ಹಿಂದೆ ಆಡಿದ ಮಾತಿನ ಕಥೆ ಬೇರೆ.

3. ಅಂಗಿಗೆ ಸಿಕ್ಕಿಸಿದ ಮೈಕು ಬಿಚ್ಚುವವರೆಗೆ ಬಾಯಿಗೆ ಬೀಗ. 2010ರ ಏಪ್ರಿಲ್ 28, ಇಂಗ್ಲೆಂಡಿನ ರಾಚ್‌ಡೇಲ್. ಪ್ರಧಾನಿ ಗಾರ್ಡನ್ ಬ್ರೌನ್ ರಸ್ತೆಯಲ್ಲಿ ಸಿಕ್ಕ ವಯಸ್ಸಾದ ಹೆಂಗಸಿನ ಜೊತೆ ನಗುನಗುತ್ತಾ ಮಾತಾಡಿ ಕಾರು ಹತ್ತಿದರು. ಬಾಗಿಲು ಮುಚ್ಚಿದ್ದೇ ತಡ, ಆಕೆಯದು ಪೂರ್ವಗ್ರಹದ ಬುದ್ಧಿ, ಯಾರು ಕರೆತಂದಿರಿ ಅವಳನ್ನು ಎಂದು ಗೊಣಗಿದರು. ಸ್ಕೈ ನ್ಯೂಸ್‌ನ ಮೈಕು ಇನ್ನೂ ಕೋಟಿನಲ್ಲೇ ಇತ್ತು. ಆಮೇಲೆ ರೇಡಿಯೊ ಸ್ಟುಡಿಯೊದಲ್ಲಿ ಅವರಿಗೇ ಆ ಧ್ವನಿ ಕೇಳಿಸಿದಾಗ ಹಣೆಗೆ ಕೈಹಚ್ಚಿ ತಲೆ ತಗ್ಗಿಸಿದರು, ಅಲ್ಲೂ ಕ್ಯಾಮೆರಾ! ಆಕೆ ಮೊದಲಿನಿಂದಲೂ ಅವರದೇ ಲೇಬರ್ ಪಕ್ಷದ ಮತದಾರಳು. ಮನೆಗೇ ಹೋಗಿ ಕ್ಷಮೆ ಕೇಳಬೇಕಾಯಿತು. ತಮಾಷೆಯೆಂದರೆ ರಾಚ್‌ಡೇಲ್ ಸೀಟು ಲೇಬರ್‌ಗೇ ಸಿಕ್ಕಿತು, ಪ್ರಧಾನಿ ಕುರ್ಚಿ ಹೋಯಿತು.

4. ಊರಿನ ತಿಂಡಿ ತಿನ್ನುವ ಮುಂಚೆ ಪಕ್ಕದವರನ್ನು ನೋಡಿ. 1976ರಲ್ಲಿ ಅಮೆರಿಕದ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಟಮಾಲೆ ಎಂಬ ತಿಂಡಿಯನ್ನು ಅದಕ್ಕೆ ಸುತ್ತಿದ್ದ ಮುಸುಕಿನ ಜೋಳದ ಸಿಪ್ಪೆ ಸಮೇತ ಕಚ್ಚಿದರು. ಕೊಟ್ಟೆ ಕಡುಬನ್ನು ಹಲಸಿನೆಲೆ ಬಿಡಿಸದೆ ಬಾಯಿಗಿಟ್ಟ ಹಾಗೆ!

5. ಛತ್ರಿ ಹಿಡಿಯಲೊಬ್ಬ, ಜಾಗ ನೋಡಿ ಬರಲೊಬ್ಬ ಇರಲಿ. ನಮ್ಮ ನಾರಾಯಣಮೂರ್ತಿಯವರ ಅಳಿಯ, ಆಗಿನ ಬ್ರಿಟನ್ ಪ್ರಧಾನಿ ರಿಷಿ ಸುನಕ್ 2024ರ ಮೇ 22ರಂದು ಸುರಿಯುವ ಮಳೆಯಲ್ಲಿ ತೊಪ್ಪೆಯಾಗಿ ನಿಂತು ಚುನಾವಣೆ ಘೋಷಿಸಿದರು. ಎರಡು ದಿನ ಕಳೆದು ಬೆಲ್‌ಫಾಸ್ಟ್‌ಗೆ ಹೋದರು, ಅದೂ ಟೈಟಾನಿಕ್ ಕಟ್ಟಿದ ಜಾಗಕ್ಕೆ. ಮುಳುಗುವ ಹಡಗಿಗೆ ನೀವೇ ಕ್ಯಾಪ್ಟನ್ನಾ ಎಂದು ಪತ್ರಕರ್ತರೊಬ್ಬರು ಕೇಳಿಯೇಬಿಟ್ಟರು.