ಒಂದೂವರೆಗೆ ಗಾಡಿ ತಿರುಗಲಿ, ತಮ್ಮಾ

ಹೊಸ ಗಾಡಿ ಬಂದಿದೆ, ಭಾನುವಾರ ಗೆಳೆಯರ ಜೊತೆ ಕೆಮ್ಮಣ್ಣುಗುಂಡಿಗೆ ಹೊರಟಿದ್ದೀಯ ಅಂತ ನಿಮ್ಮಮ್ಮ ಹೇಳಿದಳು. ‘ನೀವಾದರೂ ಬೇಡ ಅನ್ನಿ ಭಾವ’ ಅಂದಳು. ನಾನು ಬೇಡ ಅನ್ನುವುದಿಲ್ಲ. ರಾಂ ಅಂಡ್ ಕೋ ಸರ್ಕಲ್ಲಿನಲ್ಲಿ ಗಾಡಿ ನಿಲ್ಲಿಸಿ ರಾತ್ರಿಯವರೆಗೆ ಹರಟುವುದಕ್ಕಿಂತ ಒಂದು ದಿನ ಗುಡ್ಡದ ಗಾಳಿ ಕುಡಿದು ಬರುವುದು ಮೇಲು. ನಾನೂ ಮೈಸೂರಿನಲ್ಲಿ ತಯಾರಾದ ಯೆಜ್ಡಿ ಓಡಿಸಿದ ಕಾಲದವನೇ.

ಒಂದೇ ಒಂದು ಮಾತು ಕೇಳು. ಎಲ್ಲಿಂದ ವಾಪಸ್ ತಿರುಗಬೇಕು ಅನ್ನುವುದನ್ನು ಊರು ನೋಡಿ ಗೊತ್ತುಮಾಡಬೇಡ, ಗಡಿಯಾರ ನೋಡಿ ಗೊತ್ತುಮಾಡು. ಮಧ್ಯಾಹ್ನ ಒಂದೂವರೆಗೆ ಎಲ್ಲೇ ಇರು, ಗಾಡಿಯ ಮೂತಿ ದಾವಣಗೆರೆ ಕಡೆಗಿರಲಿ.

ಲೆಕ್ಕ ಹಾಕು. ಚನ್ನಗಿರಿ, ಭದ್ರಾವತಿ, ತರೀಕೆರೆ ಮೇಲೆ ಹೋಗಿ ಬಂದರೆ 250ರಿಂದ 300 ಕಿ.ಮೀ. ಆಗುತ್ತದೆ. ಊರೂರಿಗೆ ಹಂಪ್ಸು, ಮೇಲೆ ಘಾಟಿ. ಗಂಟೆಗೆ 40 ಕಿ.ಮೀ. ಸರಾಸರಿ ಬಂದರೆ ಅದೇ ದೊಡ್ಡದು. ನವೆಂಬರ್, ಡಿಸೆಂಬರ್‌ನಲ್ಲಿ ಆರಕ್ಕೆಲ್ಲ ಹೊತ್ತು ಮುಳುಗುತ್ತದೆ. ಒಂದೂವರೆಗೆ ತಿರುಗಿದರೆ ಕತ್ತಲಾಗುವ ಮೊದಲು ಊರು ಸೇರಲು ಅಲ್ಲಿಗೆ ಸರಿಹೋಯಿತು.

ಕತ್ತಲಾದರೆ ಏನಾಯಿತು, ಲೈಟಿಲ್ಲವೇ ಅನ್ನುತ್ತೀಯ. ಸುಗ್ಗಿಯ ಕಾಲದಲ್ಲಿ ನಮ್ಮ ಜಿಲ್ಲೆಯ ರಸ್ತೆ ಎಂದರೆ ಕಣ. ಮೆಕ್ಕೆಜೋಳವನ್ನು ಟಾರಿನ ಮೇಲೇ ಹರಡಿರುತ್ತಾರೆ. ಸಂಜೆಗೆ ರಾಶಿ ಮಾಡಿ, ಕಪ್ಪು ಟಾರ್ಪಾಲು ಹೊದಿಸಿ, ಗಾಳಿಗೆ ಹಾರದಂತೆ ಸುತ್ತ ಕಲ್ಲು ಇಟ್ಟು ಊಟಕ್ಕೆ ಹೋಗುತ್ತಾರೆ. ಕಪ್ಪು ರಸ್ತೆ, ಕಪ್ಪು ಟಾರ್ಪಾಲು. ಎದುರಿನ ಲಾರಿಯ ಲೈಟು ಕಣ್ಣಿಗೆ ಹೊಡೆದಾಗ ಆ ಕಲ್ಲು ನಿನಗೆ ಕಾಣುವುದಿಲ್ಲ. ಚೆಲ್ಲಿದ ಕಾಳಿನ ಮೇಲೆ ಬ್ರೇಕ್ ಹಿಡಿದೆಯೋ, ಬೇರಿಂಗ್ ಗುಂಡುಗಳ ಮೇಲೆ ಕಾಲಿಟ್ಟ ಹಾಗೆ ಚಕ್ರ ಜಾರುತ್ತದೆ. ಭತ್ತದ ಸೀಮೆಯಲ್ಲಿ ಇನ್ನೊಂದು ಬಗೆ: ಗದ್ದೆ ಕೆಸರು ಮಾಡಿ ರಸ್ತೆಗೆ ಹತ್ತಿದ ಟ್ರ್ಯಾಕ್ಟರ್ ಕೆಸರಿನ ಹೆಂಟೆಗಳನ್ನು ಉದ್ದಕ್ಕೂ ಉದುರಿಸಿಕೊಂಡು ಹೋಗಿರುತ್ತದೆ. ಹಿಂದಿನ ದೀಪವಿಲ್ಲದ ಟ್ರೇಲರುಗಳನ್ನು ನೀನೇ ಕಂಡಿದ್ದೀಯ. ರೈತರನ್ನು ಬೈದು ಪ್ರಯೋಜನವಿಲ್ಲ. ಒಣಗಿಸಲು ಬೇರೆ ಜಾಗವಿದ್ದರೆ ಅವರೇಕೆ ಬೀದಿಗೆ ಬರುತ್ತಾರೆ? ನೀನು ಬೆಳಕಿರುವಾಗ ದಾಟಿಕೊಂಡರಾಯಿತು.

ಹಾಗಂತ ಬೆಳಿಗ್ಗೆ ಗಾಳಿಯಂತೆ ಹೋಗಬೇಡ. ಹದಡಿ ರಸ್ತೆ ಹಿಡಿದು ಸಂತೇಬೆನ್ನೂರು ತಲುಪಿದ ಕೂಡಲೇ ಗಾಡಿ ನಿಲ್ಲಿಸು. ಅಲ್ಲಿನ ಪುಷ್ಕರಿಣಿ 16ನೇ ಶತಮಾನದ್ದು, ಪಾಳೆಯಗಾರ ಕೆಂಗ ಹನುಮಪ್ಪ ನಾಯಕ ಕಟ್ಟಿಸಿದ್ದು. ನಡುನೀರಿನಲ್ಲಿ ವಸಂತ ಮಂಟಪ, ಅಂಚಿನಲ್ಲಿ ಸಣ್ಣ ಮಂಟಪಗಳು. ದಂಡೆಯ ಮೇಲಿನ ಮುಸಾಫಿರ್ ಖಾನೆ ಬಿಜಾಪುರದ ಸೇನಾನಿ ರಣದುಲ್ಲಾ ಖಾನನ ಕಾಲದ್ದು. ಕುದುರೆ ಮೇಲೆ ಬಂದವರೂ ಇಲ್ಲಿ ಇಳಿದು ದಣಿವಾರಿಸಿಕೊಂಡೇ ಮುಂದೆ ಹೋದರು. ನಿನಗೇನು ಅಷ್ಟು ಅವಸರ? ಮೆಟ್ಟಿಲ ಮೇಲೆ ಹತ್ತು ನಿಮಿಷ ಕೂತು, ಬಿಸಿ ಇಡ್ಲಿ ತಿಂದು ಹೊರಡು.

ಮುಂದೆ ಸೂಳೆಕೆರೆ. ಏರಿಯ ಮೇಲೆ ನಿಂತಾಗ ಒಂದು ವಿಷಯ ನೆನಪಿರಲಿ: ಎರಡು ಗುಡ್ಡಗಳ ನಡುವೆ ಹರಿದ್ರಾ ಹೊಳೆಗೆ ಅಡ್ಡ ಕಟ್ಟಿದ ಕೆರೆ ಇದು. ಆ ಹೊಳೆ ಕೊನೆಗೆ ತುಂಗಭದ್ರೆ ಸೇರುವುದು ನಮ್ಮ ಹರಿಹರದ ಬಳಿ. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರ ಹೊತ್ತಿಗೆ ಕಟ್ಟಿಸಿದ ಹರಿಹರೇಶ್ವರನ ಗುಡಿಗೆ ಎಷ್ಟು ಸಲ ಹೋಗಿದ್ದೀಯ, ಆದರೆ ಆ ಊರಿಗೆ ಬರುವ ನೀರಿನ ದಾರಿ ನೋಡಿಲ್ಲ. ಬೈಕಿನ ಮೇಲೆ ಹೋದವನಿಗೆ ಊರುಗಳ ನಂಟು ಹೀಗೆ ಕಣ್ಣಿಗೆ ಬೀಳುತ್ತದೆ. ಚನ್ನಗಿರಿ ಹತ್ತಿರವಾದಂತೆ ಅಡಿಕೆ ತೋಟ, ಭದ್ರಾವತಿಯಲ್ಲಿ 1923ರಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆ. ಅದಕ್ಕೆ ಅದಿರು ಹೋಗುತ್ತಿದ್ದುದು ನೀನು ಹತ್ತಲಿರುವ ಗುಡ್ಡದಿಂದಲೇ.

ತರೀಕೆರೆ, ಲಿಂಗದಹಳ್ಳಿ ದಾಟಿದರೆ ಏರು ಶುರು. ಕಲ್ಲತ್ತಿಗಿರಿಯಲ್ಲಿ ವೀರಭದ್ರನ ಗುಡಿಯ ಪಕ್ಕದಲ್ಲೇ ನೀರು ಧುಮುಕುತ್ತದೆ. ಪಾಚಿಗಟ್ಟಿದ ಬಂಡೆ ಹತ್ತಿ ಸೆಲ್ಫಿ ತೆಗೆಯುವ ಶೂರತನ ಬೇಡ. ಮೇಲೆ ಕೆಮ್ಮಣ್ಣುಗುಂಡಿ 1,434 ಮೀಟರ್ ಎತ್ತರದಲ್ಲಿದೆ, ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆ ಕಳೆಯುತ್ತಿದ್ದ ಜಾಗ. ನಿಜವಾದ ಪರೀಕ್ಷೆ ಇರುವುದು ಇಲ್ಲಿ. ಝಡ್ ಪಾಯಿಂಟಿಗೆ ನಡೆದು ಹೋಗಬೇಕು. ಹೆಬ್ಬೆ ಜಲಪಾತಕ್ಕೆ ನಿನ್ನ ಬೈಕ್ ಬಿಡುವುದಿಲ್ಲ, ಜೀಪಿಗೆ ಕಾಯಬೇಕು. ‘ಇಷ್ಟು ದೂರ ಬಂದು ಅದನ್ನೂ ನೋಡದೆ ಹೋಗುವುದೇ?’ ಅಂತ ಗುಂಪಿನಲ್ಲಿ ಒಬ್ಬನಾದರೂ ಅಂದೇ ಅನ್ನುತ್ತಾನೆ. ನೋಡಲಿ, ಇನ್ನೊಂದು ಸಲ ಬಂದು ನೋಡಲಿ. ಒಂದು ದಿನಕ್ಕೆ ಒಂದು ಸಾಕು.

ಇಳಿಯುವಾಗ ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸಲು ಹೋಗಬೇಡ. ಯಾವ ಗೇರಿನಲ್ಲಿ ಹತ್ತಿದೆಯೋ ಅದೇ ಗೇರಿನಲ್ಲಿ ಇಳಿ. ಎಂಜಿನ್ ಗಾಡಿಯನ್ನು ಹಿಡಿದಿರುತ್ತದೆ, ಬ್ರೇಕ್ ಕಾಯುವುದಿಲ್ಲ. ವೇಗ ಕಡಿಮೆ ಮಾಡುವುದಿದ್ದರೆ ತಿರುವಿಗೆ ಮೊದಲೇ ಮಾಡು, ವಾಲಿದ ಮೇಲೆ ಬ್ರೇಕ್ ಒತ್ತಬೇಡ. ಹತ್ತುತ್ತಿರುವ ಗಾಡಿಗೆ ದಾರಿ ಬಿಡು, ಕಾನೂನು ಹೇಳುವುದೂ ಅದನ್ನೇ. ಗುಂಪಿನಲ್ಲಿ ನಿಧಾನ ಓಡಿಸುವವನನ್ನು ಮುಂದೆ ಬಿಡಿ, ನುರಿತವನು ಕೊನೆಯಲ್ಲಿರಲಿ. ಹಿಂದೆ ಕೂತವನಿಗೂ ಹೆಲ್ಮೆಟ್ ಬೇಕು, ಅದರ ಪಟ್ಟಿಯೂ ಬಿಗಿಯಾಗಿರಬೇಕು. ದಾರಿಯಲ್ಲಿ ಯಾರಾದರೂ ಬಿದ್ದಿದ್ದರೆ ನೋಡಿಯೂ ನೋಡದಂತೆ ಹೋಗಬೇಡ; 108ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರುವವರೆಗೆ ಜೊತೆಗಿರು. ಅದರಿಂದ ತಡವಾಯಿತೋ, ತರೀಕೆರೆಯಲ್ಲೋ ಭದ್ರಾವತಿಯಲ್ಲೋ ರೂಮು ಮಾಡಿ ಉಳಿದು, ಮನೆಗೊಂದು ಫೋನ್ ಮಾಡು. ಯಾರೂ ಬೈಯುವುದಿಲ್ಲ.

ಶನಿವಾರ ಸಂಜೆಯೇ ಪೆಟ್ರೋಲ್ ತುಂಬಿಸಿ, ಟೈರಿಗೆ ಗಾಳಿ ನೋಡಿಸಿ, ಚೈನಿಗೆ ಎಣ್ಣೆ ಬಿಡು. ಆಮೇಲೆ ಗೆಳೆಯರನ್ನೆಲ್ಲ ಕೂರಿಸಿಕೊಂಡು ಒಂದೂವರೆಯ ಮಾತನ್ನು ಎದುರಿಗೇ ಹೇಳು. ಗುಡ್ಡದ ಮೇಲೆ ನಿಂತಾಗ ಈ ಮಾತು ಎತ್ತಿದರೆ ಯಾರೂ ಒಪ್ಪುವುದಿಲ್ಲ, ಮನೆಯಂಗಳದಲ್ಲಿ ಎತ್ತಿದರೆ ಒಪ್ಪುತ್ತಾರೆ. ಇಲ್ಲೇ ಒಪ್ಪದವನು ಅಲ್ಲಿ ಖಂಡಿತ ಒಪ್ಪುವುದಿಲ್ಲ. ಅಂಥವನನ್ನು ಈ ಸಲ ಬಿಟ್ಟು ಹೋಗು.