ಮಗಳ ಮನೆಯಲ್ಲಿ ನೀವಿರುವಾಗ

ಬಿಪಿ, ಶುಗರ್ ಬಗ್ಗೆ ಬರೆದ ಹಾಳೆ ಪಕ್ಕದ ಮೇಜಿನ ಮೇಲಿದೆ. ಇದು ನಿಮ್ಮ ಮಗಳ ಬಗ್ಗೆ.

ಫೋನಿನಲ್ಲಿ ಕಾಣದ್ದು ಮನೆಯಲ್ಲಿ ಕಾಣುತ್ತದೆ. ಅಳಿಯ ಒಳಗೆ ಬಂದೊಡನೆ ಮಗಳ ದನಿ ಸಣ್ಣದಾಗುತ್ತದೆಯೇ? ತರಕಾರಿಗೂ ಅವಳು ಲೆಕ್ಕ ಒಪ್ಪಿಸಬೇಕೇ? ಅವಳ ಬ್ಯಾಂಕ್ ಕಾರ್ಡು, ಪಾಸ್‌ಪೋರ್ಟು ಅವನ ಬೀಗದೊಳಗಿವೆಯೇ? ಸಿಟ್ಟಿನ ಮಾತು ಯಾವ ಸಂಸಾರದಲ್ಲಿಲ್ಲ? ನಾನು ಹೇಳುತ್ತಿರುವುದು ಅದನ್ನಲ್ಲ, ದಿನವೂ ಹೆದರಿ ಬದುಕುವುದನ್ನು. ನಿದ್ದೆ ಇಲ್ಲ, ತಲೆನೋವು, ಹೊಟ್ಟೆನೋವು ಎಂದು ಬರುವ ಕೆಲವು ಹೆಣ್ಣುಮಕ್ಕಳ ಕಾಯಿಲೆಯ ಮೂಲ ಇದೇ.

ನೀವಿಬ್ಬರೇ ಇರುವಾಗ, ಅಡುಗೆಮನೆಯಲ್ಲೋ ಪಾರ್ಕಿನಲ್ಲೋ, "ಈ ಮನೆಯಲ್ಲಿ ನಿನಗೆ ಹೆದರಿಕೆ ಆಗುತ್ತದೆಯೇನಮ್ಮಾ?" ಎಂದು ಕೇಳಿ. ಹೇಳಿದರೆ ನಂಬಿ. "ಸ್ವಲ್ಪ ಹೊಂದಿಕೊಂಡು ಹೋಗು" ಎನ್ನಬೇಡಿ. ನಿಮ್ಮ ಬಾಯಿಂದ ಆ ಮಾತು ಬಂದರೆ ಅವಳು ಮತ್ತೆ ಯಾರಿಗೂ ಹೇಳಲಾರಳು. ನಾವೂ ಸಹಿಸಿಕೊಂಡಿರಲಿಲ್ಲವೇ ಎನ್ನುತ್ತೀರಿ. ಸಹಿಸಿಕೊಂಡವರ ಬಿಪಿ ಎಷ್ಟಿದೆ ಎಂದು ನನಗೆ ಗೊತ್ತು. ಹಾಗೆಂದು ಆ ರಾತ್ರಿಯೇ ಅಳಿಯನನ್ನು ಕೂರಿಸಿ ವಿಚಾರಿಸಲೂ ಬೇಡಿ. ನೀವು ಊರಿಗೆ ಹೋದ ಮೇಲೆ ಅದರ ಪೆಟ್ಟು ಅವಳಿಗೆ ಬೀಳಬಹುದು.

ವೈದ್ಯೆಯಾಗಿ ಒಂದನ್ನು ಒತ್ತಿ ಹೇಳುತ್ತೇನೆ. ಕುತ್ತಿಗೆ ಹಿಸುಕಿದ್ದಾನೆ ಎಂದರೆ, ಗುರುತು ಕಾಣದಿದ್ದರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು. ದನಿ ಒಡೆದಿದ್ದರೆ, ನುಂಗಲು ಕಷ್ಟವಾದರೆ ತಡಮಾಡಲೇಬೇಡಿ. ಒಳಗಿನ ರಕ್ತನಾಳಕ್ಕೆ ಗಾಯವಾಗಿದ್ದರೆ ಕೆಲವು ದಿನಗಳ ನಂತರವೂ ಲಕ್ವ ಹೊಡೆಯಬಹುದು. ಒಮ್ಮೆ ಕುತ್ತಿಗೆಗೆ ಕೈ ಹಾಕಿದವನಿಂದ ಮುಂದೆ ಪ್ರಾಣಕ್ಕೇ ಅಪಾಯ ಹೆಚ್ಚು.

ದೂರು ಕೊಟ್ಟರೆ ವೀಸಾ ಹೋಗುತ್ತದೆ ಎಂಬ ಹೆದರಿಕೆ ಬಹಳ ಜನರಿಗಿದೆ. ಇಲ್ಲಿ ಕೌಟುಂಬಿಕ ಹಿಂಸೆಯ ವಿರುದ್ಧ 2019ರಲ್ಲೇ ಕಾನೂನು ಬಂದಿದೆ, 2024ರಲ್ಲಿ ಅದನ್ನು ಹೊಸದಾಗಿ ಮಾಡಿದ್ದಾರೆ. ಹೊಡೆತ ಮಾತ್ರವಲ್ಲ, ಮಾನಸಿಕ ಹಿಂಸೆ, ಹಣಕಾಸಿನ ಹಿಂಸೆಯೂ ಅದರಲ್ಲಿ ಸೇರಿವೆ. ಗಂಡ ಹತ್ತಿರ ಬಾರದಂತೆ ರಕ್ಷಣಾ ಆದೇಶ ಸಿಗುತ್ತದೆ. ವಿಚ್ಛೇದನವಾದರೆ ಹೆಂಡತಿ, ಮಕ್ಕಳು ಒಂದು ವರ್ಷ ಇಲ್ಲಿರಲು ಅರ್ಜಿ ಹಾಕುವ ಅವಕಾಶ 2018ರಿಂದ ಇದೆ.

ತುರ್ತಿಗೆ ಪೊಲೀಸ್ 999. ದುಬೈಯಲ್ಲಿ ಮಹಿಳೆಯರ ಮತ್ತು ಮಕ್ಕಳ ಫೌಂಡೇಶನ್ 800111, ಅಬುಧಾಬಿಯಲ್ಲಿ ಈವಾ 8007283. ಭಾರತೀಯ ದೂತಾವಾಸದ ಸಹಾಯ ಕೇಂದ್ರ 80046342. ಇವನ್ನು ನಿಮ್ಮ ಫೋನಿನಲ್ಲಿ ಇಟ್ಟುಕೊಳ್ಳಿ, ಮಗಳ ಫೋನಿನಲ್ಲಿ ಬೇಡ. ಪಾಸ್‌ಪೋರ್ಟ್, ಎಮಿರೇಟ್ಸ್ ಐಡಿ, ಮದುವೆ ಸರ್ಟಿಫಿಕೇಟ್, ಮಕ್ಕಳ ಜನನಪತ್ರ, ಇವುಗಳ ನಕಲು ನಿಮ್ಮ ಸೂಟ್‌ಕೇಸಿನಲ್ಲಿ ಊರಿಗೆ ಹೋಗಲಿ.

ಮಾತಾಡಬೇಕೆನಿಸಿದರೆ ಪರದೆ ಹಾಕಿದ ಕೋಣೆಯಲ್ಲಿ ನಾನಿರುತ್ತೇನೆ. ಮಗಳನ್ನೂ ಕರೆತನ್ನಿ. ಹೊರಗೆ ಯಾರಾದರೂ ಕೇಳಿದರೆ ಬಿಪಿ ನೋಡಿಸಲು ಬಂದೆವು ಎನ್ನಿ.