ಓಪಿಡಿ ನೋಡಿ ಸೀಟು ತೆಗೆದುಕೋ

ಪುಟ್ಟೀ,

ಮೊನ್ನೆ ನಿಮ್ಮಪ್ಪ ಫೋನ್ ಮಾಡಿದ್ದ. "ಇವಳ ಇಂಟರ್ನ್‌ಶಿಪ್ ಮುಗೀತಾ ಬಂತು. ಮುಂದಕ್ಕೆ ಎಂ.ಎಸ್ಸಿ. ಅಂತಾಳೆ. ಎಲ್ಲಿ, ಯಾವುದು ಅಂತ ನೀನೇ ಸ್ವಲ್ಪ ಹೇಳಕ್ಕಾ" ಅಂದ. ಅವನಿಗೆ ಹೇಳಿ, ಅವನು ನಿನಗೆ ಹೇಳುವಷ್ಟರಲ್ಲಿ ಅರ್ಧ ಸೋರಿಹೋಗಿರುತ್ತದೆ. ಅದಕ್ಕೇ ನೇರವಾಗಿ ನಿನಗೆ ಬರೆಯುತ್ತಿದ್ದೇನೆ.

ಮೊದಲು, ಕಿವಿಯ ಆಡಿಯಾಲಜಿಯೋ ಮಾತಿನ ಸ್ಪೀಚೋ ಎಂಬುದು. ನಮ್ಮ ಕಾಲದಲ್ಲಿ ಎರಡೂ ಸೇರಿ ಒಂದೇ ಎಂ.ಎಸ್ಸಿ. ಇತ್ತು, ಈಗ ಬೇರೆ ಬೇರೆ, ಎರಡೆರಡು ವರ್ಷದ ಓದು. ನಿನ್ನ ಗೆಳತಿಯರು ಹೇಳುವುದು ಸುಳ್ಳಲ್ಲ, ಹಿಯರಿಂಗ್ ಏಡ್ ಕಂಪನಿಗಳಲ್ಲಿ ಕೆಲಸ ಬೇಗ ಸಿಗುತ್ತದೆ. ಅದಕ್ಕಾಗಿಯೇ ಆಡಿಯಾಲಜಿ ಹಿಡಿದರೂ ನಾನೇನೂ ಮುಖ ಸಿಂಡರಿಸುವುದಿಲ್ಲ. ಆದರೆ ಇಂಟರ್ನ್‌ಶಿಪ್ಪಿನಲ್ಲಿ ಯಾವ ಕೇಸು ಸಂಜೆ ಮನೆಗೆ ಬಂದ ಮೇಲೂ ತಲೆಯಲ್ಲಿ ಕೊರೆಯುತ್ತಿತ್ತು, ನೆನೆಸಿಕೋ. ಆಡಿಯೋಗ್ರಾಮಿನಲ್ಲಿ ಉತ್ತರ ಗೆರೆಯಾಗಿ ಕಣ್ಣೆದುರೇ ಮೂಡುತ್ತದೆ. ಮಾತಿನ ಕೆಲಸದಲ್ಲಿ ಆರು ತಿಂಗಳು ಮೈ ಮುರಿದು ದುಡಿದರೂ ಫೈಲಿನಲ್ಲಿ ಬರೆಯಲು ಏನೂ ಸಿಗದ ಕೇಸುಗಳಿರುತ್ತವೆ. ಆ ನಿಧಾನ ನಿನಗೆ ಒಗ್ಗುವುದಾದರೆ ಸ್ಪೀಚ್ ತೆಗೆದುಕೋ.

ಕಾಲೇಜಿನ ವಿಷಯಕ್ಕೆ ಬಂದರೆ, ಎಲ್ಲರ ಬಾಯಲ್ಲೂ ಮೊದಲು ಬರುವುದು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. 1965ರಲ್ಲಿ ಹುಟ್ಟಿದ್ದು, ಮಾರನೆಯ ವರ್ಷ ಅಲ್ಲಿ ಶುರುವಾದ ಮೊದಲ ಕೋರ್ಸೇ ಸ್ನಾತಕೋತ್ತರದ್ದು. ಅಲ್ಲಿಗೆ ಅಖಿಲ ಭಾರತ ಪ್ರವೇಶ ಪರೀಕ್ಷೆ ಬರೆಯಬೇಕು, ಪೈಪೋಟಿಯೂ ಹಾಗೇ ಇದೆ. ಸಿಕ್ಕರೆ ಸಂತೋಷ. ಸಿಗದಿದ್ದರೆ ಅಳುತ್ತಾ ಕೂರಬೇಡ. ಬೆಂಗಳೂರಿನಲ್ಲಿ ಚಂದ್ರಶೇಖರ್ ಸಂಸ್ಥೆ ಇದೆ, ಮಂಗಳೂರು, ಮಣಿಪಾಲಗಳಲ್ಲಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ಅಂಟಿಕೊಂಡ ವಿಭಾಗಗಳಿವೆ. ಹೆಸರಿಗಿಂತ ನೀನು ವಿಚಾರಿಸಬೇಕಾದದ್ದು ಕ್ಲಿನಿಕ್ಕನ್ನು. ಅಲ್ಲಿ ಓದುತ್ತಿರುವ ಸೀನಿಯರುಗಳನ್ನು ಹಿಡಿದು ಕೇಳು: ನಿಮ್ಮ ಕೇಸ್ ಲಿಸ್ಟಿನಲ್ಲಿ ದೊಡ್ಡವರು ಎಷ್ಟು ಜನ? ವಾರ್ಡಿಗೆ ಹೋಗುತ್ತೀರಾ? ನುಂಗುವ ತೊಂದರೆಯ ಕೇಸು ನೋಡಿದ್ದೀರಾ? ಮೇಡಂ ಥೆರಪಿ ರೂಮಿನಲ್ಲಿ ಕೂರುತ್ತಾರೋ, ಇಲ್ಲ ಸಂಜೆ ಫೈಲಿಗೆ ಸಹಿ ಹಾಕುತ್ತಾರೋ? ಕೊನೆಯದಕ್ಕೆ ಅವರು ನಗುತ್ತಾ ಮಾತು ತೇಲಿಸಿದರೆ ಉತ್ತರ ಸಿಕ್ಕಿತು ಅಂದುಕೋ. ಮಾತು ತಡವಾದ ಮಕ್ಕಳನ್ನು ಮಾತ್ರ ನೋಡಿ ಎಂ.ಎಸ್ಸಿ. ಮುಗಿಸಿದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಮೊದಲ ಕೆಲಸದಲ್ಲೇ ಪಾರ್ಶ್ವವಾಯು ಆದವರ ಹಾಸಿಗೆ ಪಕ್ಕ ನಿಲ್ಲಿಸಿದರೆ ಅವರ ಕೈಕಾಲು ಆಡುವುದಿಲ್ಲ.

ಇನ್ನು ಆ ಎರಡು ವರ್ಷ ಏನು ಮಾಡಬೇಕು? ಥಿಯರಿ ಹೇಗೂ ಓದುತ್ತೀಯ, ನೀನು ರ‍್ಯಾಂಕಿನ ಹುಡುಗಿ. ಪುಸ್ತಕದಲ್ಲಿ ಇಲ್ಲದ ಕಡೆ ಕಿವಿ ಇಡು. ನಮ್ಮ ನಾಡಿನ ಕ್ಲಿನಿಕ್ಕಿನಲ್ಲಿ ಅದು ಮಾತಿನ ಸೊಗಡಿನಿಂದಲೇ ಶುರುವಾಗುತ್ತದೆ. ನಾಲ್ಕು ವರ್ಷದ ಮಗು "ಆಲು ಬೇಕು" ಅಂದಿತು ಅಂತಿಟ್ಟುಕೋ. ಹಕಾರ ಬಿಟ್ಟಿದೆ ಎಂದು ಗುರುತು ಹಾಕುವ ಮುಂಚೆ ಅದರ ಅಜ್ಜಿಯನ್ನು ಮಾತಾಡಿಸು. ಅಜ್ಜಿಯೂ "ಆಲು ಕಾಸಿಟ್ಟಿವ್ನಿ" ಅಂದರೆ ಮಗುವಿನಲ್ಲಿ ದೋಷವಿಲ್ಲ, ಅದು ಮನೆಯ ಮಾತನ್ನೇ ಕಲಿತಿದೆ. ಧಾರವಾಡದ ಕಡೆ "ಸಾಲಿಗೆ ಹೋಗ್ತೀನಿ" ಅನ್ನುವ ಹುಡುಗನದೂ ಅಷ್ಟೇ. ಮಹಾಪ್ರಾಣದ ಮಾತಂತೂ ಬೇಡವೇ ಬೇಡ, ನಮ್ಮಲ್ಲಿ ಎಷ್ಟು ಮಂದಿ ಮೇಷ್ಟ್ರುಗಳೇ ಮಾತಾಡುವಾಗ "ಬಾರತ" ಅನ್ನುತ್ತಾರೆ! ಆದರೆ ಮನೆಯಲ್ಲಿ ಎಲ್ಲರೂ "ಕಾಗೆ" ಅನ್ನುವಾಗ ಆರು ವರ್ಷದ ಹುಡುಗ "ತಾದೆ" ಅಂದರೆ, ಅಲ್ಲಿ ಕೆಲಸವಿದೆ. ಕನ್ನಡದ ಉಚ್ಚಾರಣಾ ಪರೀಕ್ಷೆ 1972ರಿಂದಲೇ ಇದೆ, ಚೆನ್ನಾಗಿ ಕಲಿತುಕೋ. ಆದರೆ ಚಿತ್ರ ತೋರಿಸಿ ಅಂಕ ಹಾಕಿ ಕೈ ತೊಳೆದುಕೊಳ್ಳಬೇಡ.

ದೊಡ್ಡವರಲ್ಲಿ ಇದು ಇನ್ನೂ ಗೋಜಲು. ಶಿವಾಜಿನಗರದ ಟೈಲರೊಬ್ಬರು ಮನೆಯಲ್ಲಿ ಉರ್ದು, ಗಿರಾಕಿಗಳ ಜೊತೆ ಕನ್ನಡ, ಬಟ್ಟೆ ಅಂಗಡಿಯವನ ಹತ್ತಿರ ತಮಿಳು ಆಡುವವರು. ಅವರಿಗೆ ಸ್ಟ್ರೋಕ್ ಆಗಿ ಮಾತು ಬಿದ್ದುಹೋದರೆ "ಮಾತೃಭಾಷೆ" ಎಂಬ ಖಾನೆಯಲ್ಲಿ ಒಂದು ಹೆಸರು ಬರೆದು ಮುಂದಕ್ಕೆ ಹೋಗಲಾಗದು. ಮೂರರಲ್ಲೂ ಎಷ್ಟು ಉಳಿದಿದೆ, ಯಾವುದು ಮೊದಲು ಮರಳುತ್ತಿದೆ, ಮನೆಗೆ ಹೋದ ಮೇಲೆ ಯಾವುದು ಬೇಕು, ಈ ಮೂರು ಪ್ರಶ್ನೆಯನ್ನೂ ಕೇಳಬೇಕು. ಮತ್ತೊಂದು ನೋಡುತ್ತೀಯ: ದೇವರನಾಮ ಮೊದಲಿಂದ ಕೊನೆಯವರೆಗೆ ತಪ್ಪಿಲ್ಲದೆ ಹಾಡುವ ಅಜ್ಜಿ, ತನ್ನ ಕೈಯಲ್ಲೇ ಇರುವ ಲೋಟದ ಹೆಸರು ಹೇಳಲಾರಳು. ಬಾಯಿಪಾಠವಾದದ್ದು ಬರುವುದೂ ಹೊಸ ಮಾತು ಕಟ್ಟುವುದೂ ಬೇರೆ ಬೇರೆ ಎಂದು ನಿನಗೆ ಗೊತ್ತು. ಮನೆಯವರಿಗೆ ಗೊತ್ತಿಲ್ಲ, ಅವರು "ಮಾತು ಬಂತು" ಎಂದು ಕುಣಿದಾಡುತ್ತಾರೆ. ಅವರ ಸಂತೋಷಕ್ಕೆ ತಣ್ಣೀರು ಎರಚದೆ ಇದನ್ನು ತಿಳಿಸುವುದಿದೆಯಲ್ಲ, ಅದನ್ನು ಒಳ್ಳೆಯ ಸೂಪರ್‌ವೈಸರ್ ಪಕ್ಕ ಕೂತೇ ಕಲಿಯಬೇಕು.

ಕಾಯುವುದನ್ನೂ ಕಲಿ. ಪ್ರಶ್ನೆ ಕೇಳಿದ ಎರಡೇ ಕ್ಷಣದಲ್ಲಿ ವಿದ್ಯಾರ್ಥಿಗಳು ತಾವೇ ಉತ್ತರ ಸುರಿದುಬಿಡುತ್ತಾರೆ, ಸುಮ್ಮನಿದ್ದರೆ ಥೆರಪಿ ನಡೆಯುತ್ತಿಲ್ಲ ಎಂಬ ಭಯ. ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸು. ಉಗ್ಗುವ ಹುಡುಗನ ಎದುರಿಗಂತೂ ನಿನ್ನ ಮುಖವೂ ಅವಸರ ಮಾಡಬಾರದು.

ತಾಯಂದಿರು ಬಂದು "ನಾಲಿಗೆಗೆ ಬಜೆ ತೇಯ್ದು ಹಚ್ಚಿದ್ವಿ" ಅಂತಲೋ, "ಇವರಪ್ಪನೂ ಲೇಟಾಗೇ ಮಾತಾಡಿದ್ದು ಅಂತಾರೆ ನಮ್ಮತ್ತೆ" ಅಂತಲೋ ಹೇಳುತ್ತಾರೆ. ನಗಬೇಡ. ಅಪ್ಪನದೂ ತಡವಾಗಿತ್ತು ಎಂಬುದು ಕೇಸ್ ಹಿಸ್ಟರಿಗೆ ಬೇಕಾದ ಮಾಹಿತಿಯೇ. ಆ ಅತ್ತೆಯನ್ನು ಮುಂದಿನ ಸಲ ಕರೆದುಕೊಂಡು ಬರಲು ಹೇಳು. ಮನೆಯಲ್ಲಿ ದಿನವಿಡೀ ಮಗುವಿನ ಜೊತೆ ಇರುವವರು ಅವರೇ.

ನುಂಗುವ ತೊಂದರೆಯ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಸ್ಪೀಚ್ ಥೆರಪಿ ಅಂದರೆ ಬರೀ ಮಾತು ಅಂದುಕೊಂಡವರು ಇಲ್ಲೇ ಎಡವುವುದು. ಮಂಡ್ಯ ಕಡೆಯ ಯಜಮಾನರು ಸ್ಟ್ರೋಕ್ ಆಗಿ ಮಲಗಿದ್ದಾರೆ, ಮೂಗಿನ ನಳಿಗೆ ತೆಗೆದ ದಿನವೇ ಕೇಳುತ್ತಾರೆ, "ಮುದ್ದೆ ಯಾವಾಗ ಉಣ್ಣೋದು?" ಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಹೊರಳಿಸಿ ನುಂಗುತ್ತಾರೆ. ಅಂಟು, ತೂಕ, ಒಂದೇ ತುತ್ತು. ನಿನ್ನ ಪಠ್ಯಪುಸ್ತಕ ಬರೆದವರು ಅದನ್ನು ಕಂಡವರಲ್ಲ. ಗಂಟಲಿನ ಸ್ನಾಯು ಸೋತವರಲ್ಲಿ ಆಹಾರ ಕೆಮ್ಮೇ ಇಲ್ಲದೆ ಶ್ವಾಸನಾಳಕ್ಕೆ ಇಳಿಯಬಹುದು, ಆಮೇಲೆ ನ್ಯುಮೋನಿಯಾ. ಹಾಗಾಗಿ ಕೆಮ್ಮಲಿಲ್ಲ ಎಂಬ ಒಂದೇ ಧೈರ್ಯದ ಮೇಲೆ ಯಾರಿಗೂ ಊಟ ಬಿಡಬೇಡ. ಬೇರಿಯಂ ಕೊಟ್ಟು ಎಕ್ಸ್‌ರೇಯಲ್ಲಿ ನುಂಗುವುದನ್ನು ನೋಡುವ ಪರೀಕ್ಷೆ ಇರುವ ಕಡೆ ಕಲಿಯಲು ಅವಕಾಶ ಸಿಕ್ಕರೆ ಬಿಡಲೇಬೇಡ.

ನುಂಗುವ ತೊಂದರೆಯವರಿಗೆ ಕೊಡುವ ಊಟ ಎಷ್ಟು ಮೆತ್ತಗೆ, ದ್ರವ ಎಷ್ಟು ಮಂದ ಎಂದು ಅಳೆಯುವ ಅಂತರರಾಷ್ಟ್ರೀಯ ಪದ್ಧತಿಯಲ್ಲಿ 0ಯಿಂದ 7ರವರೆಗೆ ಮಟ್ಟಗಳಿವೆ. ಕುಡಿಯುವ ಪದಾರ್ಥಕ್ಕೆ 10 ಎಂ.ಎಲ್. ಸಿರಿಂಜು ಸಾಕು: ದಂಡ ತೆಗೆದು, ಮೂತಿಗೆ ಬೆರಳೊತ್ತಿ, 10ರವರೆಗೆ ತುಂಬಿಸಿ, ಬೆರಳು ತೆಗೆದು ಹತ್ತು ಸೆಕೆಂಡು ಬಿಡು. ಉಳಿದದ್ದು 4ರಿಂದ 8 ಎಂ.ಎಲ್. ಆದರೆ ಎರಡನೇ ಮಟ್ಟ; 8ಕ್ಕಿಂತ ಹೆಚ್ಚಾದರೆ ಮೂರನೆಯದು; ಏನೂ ಇಳಿಯದಿದ್ದರೆ ನಾಲ್ಕು. ಎಲ್ಲ ಸಿರಿಂಜೂ ಒಂದೇ ಉದ್ದ ಇರುವುದಿಲ್ಲ, 0ಯಿಂದ 10ರ ಗೆರೆಗೆ 61.5 ಮಿಲಿಮೀಟರ್ ಇದೆಯೇ ಅಳೆದು ನೋಡು. ಈಗ ನಿಮ್ಮಮ್ಮನ ಅಡುಗೆಮನೆಗೆ ಹೋಗಿ ರಾಗಿ ಗಂಜಿ ಕಾಯಿಸಿ ಇದೇ ಮಾಡು. ಬಿಸಿಯಿದ್ದಾಗ ಒಂದು ಲೆಕ್ಕ ಬರುತ್ತದೆ, ಆರಿದ ಮೇಲೆ ಮತ್ತೊಂದು. ಎಂಜಲು ಚಮಚ ಅದರಲ್ಲೇ ಆಡಿಸುತ್ತಾ ಹೋದರೆ ಮತ್ತೆ ತೆಳ್ಳಗಾಗುತ್ತದೆ, ಜೊಲ್ಲು ಗಂಜಿಯ ಪಿಷ್ಟವನ್ನು ಒಡೆಯುತ್ತದೆ. "ಗಂಜಿ ಕೊಡಿ" ಎಂದು ಚೀಟಿಯಲ್ಲಿ ಬರೆದು ಕಳಿಸಿದರೆ ಮನೆಯಲ್ಲಿ ಅವರು ಕುಡಿಸುವುದು ಯಾವ ಗಂಜಿ? ಎಷ್ಟು ಹಿಟ್ಟು, ಎಷ್ಟು ನೀರು, ಎಷ್ಟು ಬಿಸಿ, ಬೇರೆ ಬಟ್ಟಲಿಗೆ ಸ್ವಲ್ಪ ಸ್ವಲ್ಪ ಹಾಕಿಕೊಂಡು ಕುಡಿಸಬೇಕು ಎಂಬುದನ್ನೆಲ್ಲ ಮನೆಯ ಸೊಸೆಗೆ ಮಾಡಿ ತೋರಿಸಬೇಕು.

ಅಮೆರಿಕದ ಆಸೆ ಇದೆಯಂತೆ. ಇರಲಿ. ಅಲ್ಲಿಯ ವಾಕ್ ಶ್ರವಣ ಸಂಘ ಕೊಡುವ ಸ್ಪೀಚ್ ಪ್ರಮಾಣಪತ್ರಕ್ಕೆ ಸ್ನಾತಕೋತ್ತರ ಪದವಿ ಬೇಕೇ ಬೇಕು. 400 ಗಂಟೆ ಕ್ಲಿನಿಕಲ್ ಕೆಲಸ (ಅದರಲ್ಲಿ 25 ನೋಡುವುದು, 375 ಕೈಯಾರೆ ಮಾಡುವುದು), ಪ್ರಾಕ್ಸಿಸ್ ಪರೀಕ್ಷೆ, ಆಮೇಲೆ ಕನಿಷ್ಠ 36 ವಾರ, 1,260 ಗಂಟೆಯ ಫೆಲೋಶಿಪ್. ಲೈಸೆನ್ಸು ಮತ್ತೆ ರಾಜ್ಯ ರಾಜ್ಯಕ್ಕೂ ಬೇರೆ. ಇಲ್ಲಿ ಎಂ.ಎಸ್ಸಿ. ಮಾಡಿ ಹೋದರೂ ಒಂದೊಂದು ಗಂಟೆಯ ಲೆಕ್ಕವನ್ನೂ ಸಹಿ ಹಾಕಿಸಿಟ್ಟುಕೋ. ಐದು ವರ್ಷ ಬಿಟ್ಟು ಕೇಳಿದರೆ ಆ ಮೇಡಂ ಎಲ್ಲಿರುತ್ತಾರೋ. ಅಲ್ಲಿ ಈ ಕಸುಬಿನ ಅರ್ಧಕ್ಕಿಂತ ಹೆಚ್ಚು ಜನ ಶಾಲೆಗಳಲ್ಲಿ ಕೆಲಸ ಮಾಡುತ್ತಾರೆ ಎಂಬುದೂ ಗೊತ್ತಿರಲಿ. ಆಸ್ಪತ್ರೆಯ ಕನಸು ಕಟ್ಟಿಕೊಂಡು ಹೋದವರಿಗೆ ಅದು ಒಗ್ಗುವುದು ಕಷ್ಟ.

ಇಲ್ಲೇ ಉಳಿಯುವುದಾದರೆ ಭಾರತೀಯ ಪುನರ್ವಸತಿ ಪರಿಷತ್ತಿನ ರಿಜಿಸ್ಟರಿನಲ್ಲಿ ಹೆಸರಿಲ್ಲದೆ ಒಂದು ದಿನವೂ ಪ್ರಾಕ್ಟೀಸ್ ಮಾಡಬೇಡ. 1992ರ ಕಾಯ್ದೆಯಲ್ಲಿ ಅದಕ್ಕೆ ಒಂದು ವರ್ಷದವರೆಗೆ ಜೈಲು ಅಥವಾ ದಂಡ, ಇಲ್ಲವೇ ಎರಡೂ ಇದೆ. ದಂಡ ಬರೀ ಸಾವಿರ ರೂಪಾಯಿಯವರೆಗೆ ಎಂಬುದು ಬೇರೆ ಮಾತು. ಬೀದಿಗೊಂದು ಬೋರ್ಡು ಎದ್ದಿರುವುದಕ್ಕೆ ಅದೂ ಒಂದು ಕಾರಣ ಅಂತ ನನ್ನ ಅನಿಸಿಕೆ. ಎಂ.ಎಸ್ಸಿ. ಆದ ಮೇಲೆ ಹೆಚ್ಚುವರಿ ಅರ್ಹತೆಯನ್ನೂ ಆ ರಿಜಿಸ್ಟರಿಗೆ ಸೇರಿಸಿಕೋ.

ಡಿಸರ್ಟೇಷನ್‌ಗೆ ಇಂಗ್ಲಿಷಿನ ಟೆಸ್ಟೊಂದನ್ನು ಕನ್ನಡಕ್ಕೆ ತಿರುಗಿಸಿ ಮೂವತ್ತು ಜನರ ಮೇಲೆ ಹಾಕಿ ಮುಗಿಸುವ ಸುಲಭದ ದಾರಿ ಇದೆ. ಹಿಡಿಯಬೇಡ. ಕನ್ನಡದ ಅಕ್ಷರಮಾಲೆ, ಗುಣಿತ, ಒತ್ತಕ್ಷರಗಳನ್ನು ಮಕ್ಕಳು ಕರಗತ ಮಾಡಿಕೊಳ್ಳಲು ಪ್ರಾಥಮಿಕ ಶಾಲೆಯ ಹಲವು ವರ್ಷ ಹಿಡಿಯುತ್ತದೆ ಎಂದು ಸಂಶೋಧಕಿ ಸೊನಾಲಿ ನಾಗ್ ಬೆಂಗಳೂರಿನ ಮಕ್ಕಳನ್ನು ನೋಡಿ ತೋರಿಸಿದ್ದಾರೆ. ಇಂಗ್ಲಿಷಿನ 26 ಅಕ್ಷರದ ಅಳತೆಗೋಲು ಹಿಡಿದರೆ ಸರಿಯಾಗಿರುವ ಮಗುವೂ ಹಿಂದುಳಿದಂತೆ ಕಾಣುತ್ತದೆ. ಪ್ರತಿಭಾ ಕಾರಂತರು ಕನ್ನಡಕ್ಕೆಂದೇ ಭಾಷಾ ಪರೀಕ್ಷೆ ಕಟ್ಟಿದರು; ಆಮೇಲೆ ಬೆಂಗಳೂರಿನಲ್ಲಿ ಕಾಮ್ ಡೀಲ್ ಸಂಸ್ಥೆಯನ್ನೂ ಶುರು ಮಾಡಿದರು. ಅವರದನ್ನು ಹುಡುಕಿ ಓದು. ಒತ್ತಕ್ಷರ ಓದುವಾಗ ಮಕ್ಕಳು ಎಲ್ಲಿ ತಡೆಯುತ್ತಾರೆ ಎಂಬ ಒಂದೇ ವಿಷಯ ಹಿಡಿದರೂ ನಿನಗೆ ಎರಡು ವರ್ಷ ಸಾಲದು.

ಅರ್ಜಿ ಹಾಕುವ ಮುಂಚೆ ಒಂದು ಕೆಲಸ ಮಾಡು. ಮನಸ್ಸಿನಲ್ಲಿರುವ ಎರಡು ಮೂರು ಕಡೆಗೆ ಹೋಗು, ಬೆಳಗ್ಗೆ ಒಂಬತ್ತಕ್ಕೇ ಓಪಿಡಿ ಹೊರಗಿನ ಬೆಂಚಿನ ಮೇಲೆ ಕೂರು, ಮಧ್ಯಾಹ್ನದವರೆಗೆ ಏಳಬೇಡ. ಯಾವ ಊರಿನಿಂದ ಬಂದಿದ್ದಾರೆ, ಯಾವ ವಯಸ್ಸಿನವರು, ವಿದ್ಯಾರ್ಥಿಗಳು ಅವರನ್ನು ಹೇಗೆ ಕರೆಯುತ್ತಾರೆ, ಒಳಗೆ ಹೋದವರು ಎಷ್ಟು ಹೊತ್ತಿಗೆ ಹೊರಗೆ ಬರುತ್ತಾರೆ, ಬರೆದುಕೋ. ಭಾನುವಾರ ಆ ಪಟ್ಟಿ ತಗೊಂಡು ಬಾ, ಕೂತು ಆರಿಸೋಣ. ನಿಮ್ಮಪ್ಪನನ್ನು ಕರೆತರಬೇಡ, ಅವನು ಹಾಸ್ಟೆಲ್ ಊಟದ ವಿಷಯ ಬಿಟ್ಟು ಬೇರೇನೂ ಕೇಳುವುದಿಲ್ಲ.

ನಿನ್ನ ಅತ್ತೆ